ನೀಲಿ ಪಾಲಿಸಿ

ಆ ಬುಧವಾರ ಬೆಳಿಗ್ಗೆ ಉಜ್ಜಿನಪ್ಪ ಎರಡನೆಯ ಕಪ್ಪು ಚಹಾ ಕೇಳದೆ ಎದ್ದು ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಮದರಾಸಿನಿಂದ ಬಂದ ಕಾಗದವನ್ನು ಮೂರನೆಯ ಸಲ ಓದುವುದಕ್ಕೆ ಅವನಿಗೆ ಏನಾದರೊಂದು ನೆವ ಬೇಕಾಗಿತ್ತು. ಬ್ರೂಸ್‌ಪೇಟೆಯ ಚಿದಾನಂದಪ್ಪನ ಹೋಟೆಲಿನಲ್ಲಿ ಮುಂದೆ ಕಪ್ಪಿಲ್ಲದೆ ಬೆಂಚಿನ ಮೇಲೆ ಕೂಡುವುದಕ್ಕೆ ಅಪ್ಪಣೆ ಇರಲಿಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟು: ೧೯೪೬ನೆಯ ಇಸವಿ ಜುಲೈ ೩೧ರ ಒಳಗೆ ಒಂದಾದರೂ ಪಾಲಿಸಿ ಮಾಡಿಸದೆ ಹೋದರೆ ಏಜನ್ಸಿ ರದ್ದು, ಚರ್ಮದ ಚೀಲವನ್ನು ಕೂಡಲೇ ಹಿಂದಕ್ಕೆ ಕಳಿಸತಕ್ಕದ್ದು. ಆ ಬುಧವಾರವೇ ೩೧ನೆಯ ತಾರೀಖು.

ಉಜ್ಜಿನಪ್ಪ ಹತ್ತಿ ಪ್ರೆಸ್ಸಿನ ಗುಮಾಸ್ತಿಕೆ ಬಿಟ್ಟು ವಿಮಾ ಏಜೆಂಟನಾಗಿ ಹನ್ನೊಂದು ತಿಂಗಳಾಗಿತ್ತು. ಜೀವವಿಮೆಯ ಏಜನ್ಸಿಗಳನ್ನೆಲ್ಲ ಊರಿನ ಚುರುಕು ಜನ ಮೊದಲೇ ಹಂಚಿಕೊಂಡಿದ್ದರು. ಅವನಿಗೆ ಉಳಿದದ್ದು ಪೂರ್ವಸಾಗರ ವಿಮಾ ಕಂಪನಿಯ ವಿದೇಶ ಪ್ರಯಾಣದ ವಿಭಾಗ. ಬಳ್ಳಾರಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಇನ್ನೂರು ಮೈಲಿ. ಪರದೇಶಕ್ಕೆ ಹೋಗುವವನು ಸಿಗಲಿ ಎಂದು ಅವನು ರೈಲ್ವೆ ಸ್ಟೇಷನ್ನಿನಲ್ಲಿ ದೊಡ್ಡ ಟ್ರಂಕು ಹೊತ್ತವರ ಹಿಂದೆಲ್ಲ ಓಡಿದ್ದ. ಅವರೆಲ್ಲ ಗುಂತಕಲ್ಲಿಗೆ ಹೋಗುವವರೇ ಆಗಿದ್ದರು.

ಆದರೂ ಅವನಿಗೆ ಆ ಪಾಲಿಸಿಯ ಮೇಲೆ ಭಕ್ತಿ. ಮೇಲ್ಗಡೆ ಬಂಗಾರದ ಬಣ್ಣದ ಹಡಗಿನ ಚಿತ್ರ. ಕೆಳಗೆ ಕಂಪನಿ ಎದುರಿಸಿ ನಿಲ್ಲುವ ಗಂಡಾಂತರಗಳ ಪಟ್ಟಿ: ಬಿರುಗಾಳಿ, ಬೆಂಕಿ, ಕಡಲುಗಳ್ಳರು, ಹಿಮದ ಗುಡ್ಡ, ಶತ್ರುರಾಜರ ಸೆರೆಮನೆ. ಕಡಲನ್ನು ಒಮ್ಮೆಯೂ ಕಾಣದ ಉಜ್ಜಿನಪ್ಪ ಅದನ್ನು ಪುರಾಣದ ಹಾಗೆ ಹೆಂಡತಿ ದಾಕ್ಷಾಯಣಮ್ಮನಿಗೆ ಓದಿ ಹೇಳುವಾಗ ಅವನ ಮೈಯ ಕೂದಲು ನಿಲ್ಲುತ್ತಿತ್ತು.

"ಇಷ್ಟೆಲ್ಲಾ ಕಾಟ ಇದ್ದ ಮ್ಯಾಲ ಮಂದಿ ಯಾಕರ ಹೋಗ್ತಾರ್ರಿ?" ಎನ್ನುತ್ತಿದ್ದಳು ಆಕೆ. ಏಜನ್ಸಿ ಹೋದರೆ ಗಂಡ ತನ್ನ ತಂದೆಯ ಒಣಮೆಣಸಿನಕಾಯಿ ಅಂಗಡಿಯಲ್ಲಿ ಕೂಡುತ್ತಾನೆ ಎಂಬುದು ಆಕೆಗೆ ಸಮಾಧಾನದ ಸಂಗತಿಯಾಗಿತ್ತು. ಉಜ್ಜಿನಪ್ಪನಿಗೋ ಆ ಅಂಗಡಿಯ ಹೆಸರು ಕೇಳಿದರೇ ಸೀನು ಬರುತ್ತಿತ್ತು.

ಚಿದಾನಂದಪ್ಪ ಎರಡನೆಯ ಕಪ್ಪು ತಂದಿಟ್ಟವನೇ ಕಾಗದದೊಳಕ್ಕೆ ಇಣುಕಿದ. ಊರಿನವರ ಕಾಗದ ಓದುವುದು ಅವನ ಹೋಟೆಲಿನ ಕಾನೂನು.

"ಉಜ್ಜಿನಪ್ಪ, ಇನ್ನೂ ಇಲ್ಲೇ ಕುಂತೀಯಲ್ಲಪ್ಪ! ಕುರುಗೋಡಿನ ಕೊಟ್ರಬಸಮ್ಮ ಇವತ್ತು ನೀರು ದಾಟಿ ಪರರಾಜ್ಯಕ್ಕ ಹೊಂಟಾಳಂತ. ಬೆಣ್ಣಿ ಮಾರಾಕ ಬಂದಾಕಿ ಈಗ ಹೇಳಿ ಹೋದ್ಲು."

"ಏನಂದ್ರಿ?"

"ಊರಿಗೆ ಊರೇ ಕಳಸಾಕ ನಿಂತೈತಂತ. ನಿನಗ ಗೊತ್ತs ಇಲ್ಲ? ಚಲೋ ಏಜೆಂಟ್ ಆದಿ ಬಿಡು."

ಉಜ್ಜಿನಪ್ಪ ಬಿಸಿ ಚಹಾವನ್ನು ಹಾಗೇ ನುಂಗಿ, ಬಾಯಿ ತೆರೆದುಕೊಂಡೇ ಬಸ್ಸಿನ ಕಡೆಗೆ ಓಡಿದ.

ಯುದ್ಧ ಮುಗಿದು ವರ್ಷವಾದರೂ ಪೆಟ್ರೋಲಿಗೆ ಇನ್ನೂ ರೇಷನ್ನು. ಸಿರುಗುಪ್ಪದ ಬಸ್ಸು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಏರು ಬಂದಲ್ಲೆಲ್ಲ ಅದು ಗೂರಲು ಹತ್ತಿದ ಮುದುಕನ ಹಾಗೆ ನಿಂತು ಕೆಮ್ಮುತ್ತಿತ್ತು. ಪ್ರಯಾಣಿಕರು ಇಳಿದು ಬೆನ್ನು ತಟ್ಟಬೇಕು. ಉಜ್ಜಿನಪ್ಪನ ಪಕ್ಕದಲ್ಲಿ ಕುಳಿತವನು ಓಬಣ್ಣನೆಂದು ಹೆಸರು ಹೇಳಿಕೊಂಡ. ಖಾಕಿ ಟೋಪಿಯ ಮಾಜಿ ಸಿಪಾಯಿ. ರಂಗೂನಿಗೆ ಹೋಗಿ ಬಂದವನಂತೆ.

"ಹಡಗಿನ ಮ್ಯಾಲ ಹನ್ನೆರಡು ದಿನ ಇದ್ದಾವ ನಾನು. ಸಮುದ್ರ ಅಂದ್ರ ಏನಂತ ನನ್ನ ಕೇಳ್ರಿ," ಎಂದ.

ಉಜ್ಜಿನಪ್ಪ ಕೈಮುಗಿದು ಕೇಳಿದ. ಕುರುಗೋಡು ಬರುವ ಹೊತ್ತಿಗೆ ಓಬಣ್ಣ ಅವನ ತಲೆಯೊಳಗೆ ಬೆಟ್ಟದಂಥ ತೆರೆಗಳನ್ನೂ ದೋಣಿಯಷ್ಟು ದೊಡ್ಡ ಮೀನುಗಳನ್ನೂ ತುಂಬಿಬಿಟ್ಟಿದ್ದ.

ಕುರುಗೋಡಿನಲ್ಲಿ ಬಸ್ಸಿಗೆ ಹೊಸ ಇದ್ದಿಲು ಹಾಕಲು ಅರ್ಧ ಗಂಟೆ ಬೇಕು. ಉಜ್ಜಿನಪ್ಪ ಇಳಿದು ಕೊಟ್ರಬಸಮ್ಮನ ಮನೆ ಕೇಳಬೇಕಾಗಲೇ ಇಲ್ಲ. ದೊಡ್ಡಬಸವಣ್ಣನ ಗುಡಿಯ ಕಡೆಯಿಂದ ಓಣಿಯ ಹೆಂಗಸರೆಲ್ಲ ಒಬ್ಬ ಮುದುಕಿಯನ್ನು ನಡುವೆ ಹಾಕಿಕೊಂಡು ಬರುತ್ತಿದ್ದರು. ಗುಡಿ ತುಂಬ ಕುಳಿತಿರುವ ಆ ಕಲ್ಲಿನ ಬಸವಣ್ಣನನ್ನು ನೋಡಿ ಹೊರಬಂದವರ ಮುಖದಲ್ಲಿ ಎಂಥ ಬೆರಗು ಇರುತ್ತದೋ ಅದೇ ಬೆರಗಿನಿಂದ ಅವರು ಮುದುಕಿಯನ್ನು ನೋಡುತ್ತಿದ್ದರು. ಅರವತ್ತರ ವಯಸ್ಸು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಸೀಮೆಎಣ್ಣೆ ಡಬ್ಬದಷ್ಟು ದೊಡ್ಡ ತಗಡಿನ ಡಬ್ಬಿ. ನೆರೆಮನೆಯ ಹನುಮಮ್ಮ ಕಾಲಿಗೆ ಬಿದ್ದು ಅತ್ತಳು.

"ಯವ್ವಾ, ಹುಷಾರಿ. ಅಲ್ಲಿ ಯಾರ ಏನ್ ಕೊಟ್ರೂ ತಿನಬ್ಯಾಡ."

"ಬದುಕಿ ಬಂದ್ರ ಎಲ್ಲಾ ಹೇಳತೀನಿ ಬಿಡs," ಎಂದಳು ಕೊಟ್ರಬಸಮ್ಮ, ದೊಡ್ಡ ಮನಸ್ಸಿನಿಂದ.

ಬಸ್ಸಿನಲ್ಲಿ ಉಜ್ಜಿನಪ್ಪ ಕಿಟಕಿಯ ಪಕ್ಕದ ಜಾಗ ಅವಳಿಗೆ ಬಿಟ್ಟುಕೊಟ್ಟ. ಓಬಣ್ಣ ಹಿಂದಿನ ಸೀಟಿಗೆ ಸರಿದ.

"ಅವ್ವಾ, ಪರದೇಶಕ್ಕ ಹೊಂಟೀರಂತ, ಖರೇನ್ರಿ?"

"ಹೂನಪ್ಪ. ಪರರಾಜ್ಯ. ಕಡೀ ಮಗಳನ್ನ ಅಲ್ಲಿಗೆ ಕೊಟ್ಟೀನಿ. ಬಸರಿ ಅದಾಳ, ಪಂಚಮಿಗೆ ಬರಾಕ ಆಗಂಗಿಲ್ಲ ಅಂತ ಹೇಳಿ ಕಳಿಸ್ಯಾಳ. ಅದಕ್ಕ ನಾನs ಉಂಡಿ ಕಟಗೊಂಡು ಹೊಂಟೀನಿ. ಇದs ಮೊದಲನೇ ಸಲ."

"ಅಲ್ಲಿ ಅರಸು?"

"ಬ್ಯಾರೆ. ಕಾನೂನೂ ಬ್ಯಾರೆ. ನಮ್ಮ ರೂಪಾಯಿ ಅಲ್ಲಿ ನಡಿಯಂಗಿಲ್ಲಂತ, ಅವರದs ಬ್ಯಾರೆ ರೊಕ್ಕ. ದಂಡಿಗೆ ಇಳದ ಕೂಡ್ಲೆ ಗಂಟು ಬಿಚ್ಚಿ ನೋಡತಾರಂತ."

"ಕಸ್ಟಮ್ಸು!" ಎಂದ ಓಬಣ್ಣ ಹಿಂದಿನ ಸೀಟಿನಿಂದ ಕತ್ತು ಚಾಚಿ. "ನೀರು ಎಂಥಾದ್ದು ಬೇ? ಯಾವ ಬಣ್ಣ?"

"ಈಗ ಕೆಂಪಗ ಆಗೈತಂತ."

ಓಬಣ್ಣ ಟೋಪಿ ತೆಗೆದ. "ಕೆಂಪು ಸಮುದ್ರ! ಅರಬಸ್ತಾನದ ಬಾಜೂಕ ಹೋಗೋ ದಾರಿ ಅದು. ಹಂಗಂದ್ರ ಸಿರುಗುಪ್ಪದಾಗ ಇಳದು, ಆದೋನಿಗೆ ಹೋಗಿ, ಬೊಂಬಾಯಿ ರೈಲು ಹತ್ತತಾಳ ನೋಡ್ರಿ."

ಉಜ್ಜಿನಪ್ಪ ಚೀಲದ ಮೇಲೆ ಕೈಯಿಟ್ಟ. "ಹಡಗು ಹೆಂಗೈತವ್ವಾ?"

"ದುಂಡಗ ಇರತೈತಿ. ತಿರುಗಿಕೋತ ತಿರುಗಿಕೋತ ಹೋಗತೈತಂತ."

ಉಜ್ಜಿನಪ್ಪ ಓಬಣ್ಣನ ಮುಖ ನೋಡಿದ. ಓಬಣ್ಣ ಒಂದು ಗಳಿಗೆ ತಬ್ಬಿಬ್ಬಾದ. ಆದರೆ ರಂಗೂನಿಗೆ ಹೋಗಿ ಬಂದವನು ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ. "ಹೊಸಾ ಮಾಡೆಲ್ಲು," ಎಂದ. "ನೀರಾಗ ಬಾಂಬ್ ಬಿಡತಾರಲ್ಲ, ಅದನ್ನ ತಪ್ಪಿಸಾಕ ತಿರುಗಿಸ್ತಾರ."

ಇನ್ನು ತಡೆಯಲಾಗದೆ ಉಜ್ಜಿನಪ್ಪ ಚೀಲ ಬಿಚ್ಚಿದ. ಬಂಗಾರದ ಹಡಗನ್ನು ಕಂಡು ಅಕ್ಕಪಕ್ಕದವರು ಸೀಟು ಬಿಟ್ಟು ಬಂದು ಸುತ್ತ ನಿಂತರು. ಅವನು ಗಂಡಾಂತರಗಳ ಪಟ್ಟಿಯನ್ನು ಓದಿದ. ಹಿಮದ ಗುಡ್ಡ ಬಂದಾಗ ಯಾರೋ "ಶಿವಶಿವಾ" ಎಂದರು. ಕೊಟ್ರಬಸಮ್ಮ ಮಾತ್ರ ಡಬ್ಬಿಯ ಮೇಲೆ ಗಲ್ಲ ಊರಿ ಕೇಳಿದಳು.

"ಇವೆಲ್ಲಾ ಆ ನೀರಾಗ ಅದಾವಾ? ನನಗ ಯಾರೂ ಹೇಳಲೇ ಇಲ್ಲ."

"ಅದಕ್ಕವ್ವಾ ನಮ್ಮ ಕಂಪನಿ ಇರೋದು. ಮೂರು ನಮೂನಿ ಪಾಲಿಸಿ ಅದಾವ. ಕೆಂಪಂದು ಜೀವಕ್ಕ. ನೀವು ದಾರ್ಯಾಗ ತೀರಿಕೊಂಡ್ರಿ ಅನ್ರಿ, ನಿಮ್ಮ ಅಳಿಯಗ ಐನೂರು ರೂಪಾಯಿ."

"ಯಪ್ಪಾ! ನಾ ಸತ್ರ ಅಳಿಯಗ ಐನೂರು ರೂಪಾಯಿ ಬರತೈತಿ ಅಂದ ಮ್ಯಾಲ, ನಾನು ಅವನ ಮನ್ಯಾಗ ಕಣ್ಣು ಮುಚ್ಚಿ ಹೆಂಗ ಮಕ್ಕೊಳ್ಳಲಿ? ಬ್ಯಾಡ, ಒಳಗ ಇಡು."

"ಹಸರಂದು ಜಡ್ಡಿಗೆ. ಪರದೇಶದಾಗ ಜಡ್ಡು ಬಂದ್ರ ಔಷಧದ ಖರ್ಚು ಕಂಪನಿದು."

"ಕರೀದs ಬರೋ ಜಡ್ಡು ಬ್ಯಾರೆ. ರೊಕ್ಕ ಕೊಟ್ಟು ಕರಿಸೋದು ಬ್ಯಾರೆ. ಅದನ್ನೂ ಇಡು."

ಸುತ್ತ ನಿಂತವರು ತಲೆದೂಗಿದರು. ಉಜ್ಜಿನಪ್ಪ ಕೊನೆಯ ಕಾಗದ ತೆಗೆದ. "ನೀಲಿದು ಸಾಮಾನಿಗೆ. ನೀರಿನ ಮ್ಯಾಲ ಸಾಮಾನು ಹಾಳಾತು, ಕಳವಾತು ಅಂದ್ರ ಹತ್ತು ರೂಪಾಯಿ."

ಕೊಟ್ರಬಸಮ್ಮ ಡಬ್ಬಿಯನ್ನು ನೋಡಿದಳು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ರವೆಯ ಉಂಡಿ. ಎಂಟು ದಿನದ ಕೆಲಸ. ರೇಷನ್ನಿನ ಸಕ್ಕರೆಯನ್ನು ಮೂರು ತಿಂಗಳಿಂದ ಮುಟ್ಟದೆ ಕೂಡಿಸಿದ್ದಳು.

"ಇದು ಖರೆ ಮಾತು. ಇದನ್ನ ಮಾಡು," ಎಂದು ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟಳು.

ಹನ್ನೊಂದು ತಿಂಗಳಲ್ಲಿ ಮೊದಲನೆಯ ಸಲ! ಉಜ್ಜಿನಪ್ಪ ಕುಲುಕುವ ಬಸ್ಸಿನಲ್ಲೇ ನೀಲಿ ಕಾಗದ ತುಂಬಿದ. ಹೆಬ್ಬೆಟ್ಟು ಒತ್ತಿಸಲು ಹೋದಾಗ ಬಸ್ಸು ಎಂಥ ನೆಗೆತ ನೆಗೆಯಿತೆಂದರೆ ಮಸಿ ಓಬಣ್ಣನ ಮೂಗಿಗೆ ಹತ್ತಿತು.

"ಇರಲಿ ಬಿಡು," ಎಂದಳು ಮುದುಕಿ. "ನೀರಿನ ದಂಡಿಗೆ ಹೋಗಿ ಹತ್ತೋ ಹೊತ್ತಿನ್ಯಾಗ ಒತ್ತತೀನಿ. ಈಗs ಒತ್ತಿ ಸಾಮಾನಿಗೆ ಕೇಡು ಬಯಸೋದು ಬ್ಯಾಡ."

ಬೊಂಬಾಯಿಯ ತನಕ ಹೋಗಬೇಕಲ್ಲ ಎಂದು ಉಜ್ಜಿನಪ್ಪ ಕಂಗಾಲಾದ. ಸಿರುಗುಪ್ಪದಲ್ಲಿ ಇಳಿದು, ಆದೋನಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿ ಬಂದು ನೋಡುತ್ತಾನೆ, ಕೊಟ್ರಬಸಮ್ಮ ತಲೆಯ ಮೇಲೆ ಡಬ್ಬಿ ಹೊತ್ತು ಅಕ್ಕಿ ಗಿರಣಿಗಳನ್ನು ದಾಟಿ ಗದ್ದೆಯ ಬದುವಿನ ಮೇಲೆ ನಡೆದೇ ಬಿಟ್ಟಿದ್ದಾಳೆ. ಹಿಂದೆ ಉಜ್ಜಿನಪ್ಪ ಓಡಿದ. ಕುತೂಹಲಕ್ಕೆ ಓಬಣ್ಣನೂ ಓಡಿದ.

ಬದು ಮುಗಿದಲ್ಲಿ ಹೊಳೆ.

ತುಂಗಭದ್ರೆ ತುಂಬಿ ಕೆಂಪಗೆ ಹರಿಯುತ್ತಿದ್ದಳು. ದಡದಲ್ಲಿ ಚರ್ಮ ಬಿಗಿದ ದುಂಡನೆಯ ಹರಿಗೋಲು. ಅದರಲ್ಲಿ ಆಗಲೇ ಹತ್ತು ಹನ್ನೆರಡು ಜನ, ಎರಡು ಮೇಕೆ. ಹುಟ್ಟು ಹಿಡಿದು ನಿಂತ ಅಂಬಿಗ ದುರುಗಪ್ಪ ಕೂಗುತ್ತಿದ್ದ: "ಮೊಗಲಾಯಿಗೆ ಬರೋರು ಬರ್ರಿ! ಇದs ಕಡೀದು! ಮ್ಯಾಲೆ ಮಳಿ ಆಗೈತಿ, ನೀರು ಏರಾಕ ಹತ್ತೈತಿ!"

ಹೊಳೆಯ ಈಚೆ ಇಂಗ್ರೇಜಿ ಸರ್ಕಾರ, ಆಚೆ ನಿಜಾಮರ ರಾಜ್ಯ; ಜನರ ಬಾಯಲ್ಲಿ ಮೊಗಲಾಯಿ. ಅರಸು ಬೇರೆ, ಕಾನೂನು ಬೇರೆ, ನಾಣ್ಯ ಬೇರೆ. ಮುದುಕಿ ಒಂದು ಮಾತನ್ನೂ ಸುಳ್ಳು ಹೇಳಿರಲಿಲ್ಲ.

ಉಜ್ಜಿನಪ್ಪ ಓಬಣ್ಣನ ಕಡೆ ತಿರುಗಿದ. ಓಬಣ್ಣ ಮೂಗಿನ ಮಸಿ ಒರೆಸಿಕೊಳ್ಳುತ್ತ ಆಕಾಶ ನೋಡುತ್ತಿದ್ದ.

"ಯವ್ವಾ, ಇದಾ ನಿನ್ನ ಪರದೇಶ?"

"ಮತ್ತೇನಪ್ಪಾ? ಇದಕ್ಕಿಂತ ದೂರದ ದೇಶ ಐತೇನು?" ಎಂದು ಕೊಟ್ರಬಸಮ್ಮ ಹೊಳೆಗೆ ಕೈಮುಗಿದು ಹರಿಗೋಲು ಹತ್ತಿದಳು.

ಉಜ್ಜಿನಪ್ಪನಿಗೆ ಆ ದಡದಲ್ಲೇ ಒಣಮೆಣಸಿನಕಾಯಿಯ ಘಾಟು ಬಂದ ಹಾಗಾಯಿತು. ಕೊನೆಯ ಸಲ ನೋಡಿಬಿಡೋಣ ಎಂದು ನೀಲಿ ಕಾಗದ ಬಿಚ್ಚಿದ. ಸಣ್ಣ ಅಕ್ಷರದಲ್ಲಿ ಹೀಗಿತ್ತು: 'ಬ್ರಿಟಿಷ್ ಹಿಂದೂಸ್ತಾನದ ಎಲ್ಲೆಯನ್ನು ಮೀರಿ, ಅನ್ಯ ಪ್ರಭುತ್ವದ ನೆಲಕ್ಕೆ, ನೀರಿನ ಮೇಲೆ ತೇಲುವ ಯಾವುದೇ ವಾಹನದಲ್ಲಿ ಪ್ರಯಾಣ ಮಾಡುವ ಬ್ರಿಟಿಷ್ ಪ್ರಜೆಗೆ...'

ಅವನು ಇನ್ನೊಮ್ಮೆ ಓದಿದ. ಕಡಲು ಎಂಬ ಮಾತೇ ಅಲ್ಲಿ ಇರಲಿಲ್ಲ. ಹೊಳೆಯಾಚೆಯ ನೆಲ ಅನ್ಯ ಪ್ರಭುತ್ವ. ಹರಿಗೋಲು ತೇಲುತ್ತದೆ. ಹನ್ನೊಂದು ತಿಂಗಳು ಬಾಯಿಪಾಠ ಹೇಳಿದ್ದರ ಅರ್ಥ ಅವನಿಗೆ ಈಗ ಹೊಳೆಯಿತು.

"ಯವ್ವಾ! ಹೆಬ್ಬೆಟ್ಟು!"

"ಹತ್ತಿ ಕುಂತೀನಪ್ಪ. ಹತ್ತಿದ ಮ್ಯಾಲ ಇಳೀಬಾರದು. ನೀನs ಬಾ."

ಉಜ್ಜಿನಪ್ಪ ಪಂಚೆ ಎತ್ತಿ ಕಟ್ಟಿ ಹರಿಗೋಲಿಗೆ ಇಳಿದು, ಮೇಕೆಗಳ ನಡುವೆ ಮೊಣಕಾಲೂರಿ ಕುಳಿತ. ಮಸಿ ಹಚ್ಚಿದ. ಹೆಬ್ಬೆಟ್ಟು ಒತ್ತಿಸಿದ. ತಾರೀಖು ಬರೆದ. ಸರಿಯಾದ ವೇಳೆ ಬರೆದ. ಸಹಿ ಮಾಡಿದ. ಅಡಿಗೆ ಗೆರೆ ಎಳೆದು, ಆನಂದದಿಂದ ತಲೆಯೆತ್ತಿ ನೋಡಿದಾಗ ಸಿರುಗುಪ್ಪದ ದಡ ಐವತ್ತು ಮಾರು ದೂರ ಹೋಗಿತ್ತು. ದಡದ ಮೇಲೆ ಓಬಣ್ಣ ಗುಂಪಿನ ನಡುವೆ ಚಿಕ್ಕವನಾಗುತ್ತಿದ್ದ.

"ದುರುಗಪ್ಪಾ! ನಾನು ಇಳೀಬೇಕು!"

"ಆ ದಂಡಿಗೆ ಇಳೀರಿ. ಹಗ್ಗ ಬಿಟ್ಟೀನಿ, ಈಗ ನಂದೇನೂ ನಡಿಯಂಗಿಲ್ಲ. ಎಲ್ಲಾ ಆಕೀದು," ಎಂದು ದುರುಗಪ್ಪ ಗಲ್ಲದಿಂದ ಹೊಳೆಯನ್ನು ತೋರಿಸಿದ.

ಹರಿಗೋಲು ನಿಧಾನವಾಗಿ ತಿರುಗುತ್ತ ನಡುಹೊಳೆಗೆ ಬಂತು. ಕೆಂಪು ನೀರು ಸುತ್ತಲೂ ಉಬ್ಬಿ, ತಗ್ಗಿ, ತನ್ನೊಳಗೆ ತಾನೇ ಏನೋ ಹೇಳಿಕೊಂಡು ಹೋಗುತ್ತಿತ್ತು. ಎಲ್ಲಿಯದೋ ಒಂದು ಮರ ಬೇರುಸಮೇತ ಪಕ್ಕದಲ್ಲೇ ಸಾಗಿಹೋಯಿತು. ಅದರ ಕೊಂಬೆಯ ಮೇಲೆ ಒಂದು ಬೆಳ್ಳಕ್ಕಿ ಏನೂ ಆಗಿಲ್ಲವೆಂಬಂತೆ ಕುಳಿತಿತ್ತು. ಹರಿಗೋಲು ತಿರುಗಿದ ಹಾಗೆ ಒಮ್ಮೆ ಇಂಗ್ರೇಜಿ ಸರ್ಕಾರ, ಒಮ್ಮೆ ನಿಜಾಮ ಸರ್ಕಾರ ಕಣ್ಣ ಮುಂದೆ ಬಂದು ಹೋಯಿತು. ಎರಡೂ ಅಲ್ಲಿಂದ ನೋಡಿದರೆ ಹುಲ್ಲಿನ ಗೆರೆಯಷ್ಟು ಸಣ್ಣವು. ನೀರೊಂದೇ ದೊಡ್ಡದು.

ಉಜ್ಜಿನಪ್ಪ ಹೆದರಿದನೆಂದು ಆಮೇಲೆ ಜನ ಹೇಳಿದರು. ಅದು ಸುಳ್ಳು. ಕಾಗದದಲ್ಲಿ ಓದಿ ಓದಿ ಕಾಣಬೇಕೆಂದುಕೊಂಡಿದ್ದ ದೊಡ್ಡ ನೀರು ಇದೇ ಎಂದು ಅವನಿಗೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು. ತಾನೆಲ್ಲಿದ್ದೇನೆಂಬುದು ಮರೆತು, ಎರಡೂ ಕೈ ತಲೆಯ ಮೇಲೆ ಎತ್ತಿ ಜೋಡಿಸಿ, ಎದ್ದು ನಿಂತ.

"ಕುಂದರ್ರೀ!" ಎಂದು ದುರುಗಪ್ಪ ಕಿರುಚಿದ.

ಹರಿಗೋಲು ಒಂದು ಕಡೆ ವಾಲಿತು. ಉಜ್ಜಿನಪ್ಪ ಕುಸಿದು ಕುಳಿತ, ಒಂದು ಮೇಕೆ ಅವನ ಮಡಿಲಿಗೆ ಬಂತು. ಉಂಡಿಯ ಡಬ್ಬಿ ಎಲ್ಲರ ಕಾಲ ನಡುವಿನಿಂದ ಜಾರಿ, ಅಂಚು ದಾಟಿ, ದಪ್ಪೆಂದು ಹೊಳೆಗೆ ಬಿತ್ತು. ಮುಚ್ಚಳ ಗಟ್ಟಿಯಾಗಿದ್ದುದರಿಂದ ಮುಳುಗಲಿಲ್ಲ. ಹರಿಗೋಲಿನ ಹಾಗೆಯೇ ತಿರುಗುತ್ತ ತಿರುಗುತ್ತ, ಬಿಸಿಲಿಗೆ ಮಿಂಚುತ್ತ, ಬೆಳ್ಳಕ್ಕಿ ಹೋದ ದಾರಿಯಲ್ಲೇ ಹೋಯಿತು.

ಆಚೆಯ ದಡ ಮುಟ್ಟಿದ ಕೂಡಲೇ ದುರುಗಪ್ಪ ಎಲ್ಲರನ್ನೂ ಇಳಿಸಿ, ನೀರು ಏರುತ್ತಿದೆಯೆಂದು ಬರಿಯ ಹರಿಗೋಲನ್ನೇ ಹಿಂದಕ್ಕೆ ಹೊರಡಿಸಿದ. ಕೊಟ್ರಬಸಮ್ಮ ಮರಳಿನ ಮೇಲೆ ಕುಳಿತು ಹಾಡಿ ಹಾಡಿ ಅತ್ತಳು. ಬಸುರಿ ಮಗಳ ಬಾಯಿಗೆ ಬೀಳಬೇಕಾದ ಉಂಡಿ, ಮೂರು ತಿಂಗಳ ಸಕ್ಕರೆ, ಕಾಣದ ದೇಶಕ್ಕೆ ಬರಿಗೈಲಿ ಬಂದ ತಾಯಿ. ದಡದಲ್ಲಿ ಕಾಯುತ್ತಿದ್ದ ಅಳಿಯ ಜೋಲು ಮುಖ ಹಾಕಿ ನಿಂತ. ಇಳಿದವರು, ಕರೆಯಲು ಬಂದವರು, ಎಲ್ಲ ಸೇರಿ ನಲವತ್ತು ಮಂದಿಯಾದರು. ಮುದುಕಿ ಅಳುವನ್ನು ತಟ್ಟನೆ ನಿಲ್ಲಿಸಿ ಕೇಳಿದಳು:

"ಲೇ ತಮ್ಮಾ, ಆ ನೀಲಿ ಕಾಗದ ಎಲ್ಲೈತಿ?"

ಕಂಪನಿಯ ನಿಯಮದ ಪ್ರಕಾರ ವಿಚಾರಣೆಯಾಗಿ, ಮದರಾಸಿಗೆ ಬರೆದು, ತೊಂಬತ್ತು ದಿನ ಕಾಯಬೇಕು. ಉಜ್ಜಿನಪ್ಪ ಅದನ್ನು ಹೇಳಲೆಂದೇ ಬಾಯಿ ತೆರೆದ. ಮುದುಕಿ ಕಣ್ಣು ಒರೆಸಿಕೊಳ್ಳದೆ ಅವನನ್ನೇ ನೋಡುತ್ತಿದ್ದಳು. ಎದ್ದು ನಿಂತವನು ತಾನು. ಅವನು ಬಾಯಿ ಮುಚ್ಚಿ ಒಳಜೇಬಿಗೆ ಕೈ ಹಾಕಿದ. ದಾಕ್ಷಾಯಣಮ್ಮ ಪಂಚಮಿಯ ಸೀರೆ ತರಲು ಕೊಟ್ಟಿದ್ದ ಹತ್ತು ರೂಪಾಯಿಯ ನೋಟು ಇತ್ತು. ಮುದುಕಿಯ ಕೈಯಲ್ಲಿಟ್ಟ.

"ಕಂಪನಿ ಕೊಟ್ಟೈತವ್ವಾ. ತೊಗೋ."

ನಲವತ್ತು ಮಂದಿ ನೋಟು ನೋಡಿದರು, ಹೊಳೆ ನೋಡಿದರು, ಉಜ್ಜಿನಪ್ಪನನ್ನು ನೋಡಿದರು. ಅವರ ಅಜ್ಜಂದಿರ ಕಾಲದಿಂದ ಆ ಹೊಳೆ ಎತ್ತು ಒಯ್ದಿತ್ತು, ಬಣವೆ ಒಯ್ದಿತ್ತು, ಮದುವೆಯ ಪಾತ್ರೆಗಳನ್ನು ಒಯ್ದಿತ್ತು. ಒಯ್ದದ್ದನ್ನು ಒಂದು ದಿನವೂ ತಿರುಗಿ ಕೊಟ್ಟಿರಲಿಲ್ಲ.

"ಹೊಳಿ ಕೈಯಾಗಿಂದ ಕಸಗೊಂಡು ಕೊಟ್ಟ!" ಎಂದ ಒಬ್ಬ.

ಹಿಂದಿನಿಂದ ಒಬ್ಬ ಮುದುಕ ದಾರಿ ಮಾಡಿಕೊಂಡು ಬಂದ. "ಯಪ್ಪಾ, ನಮ್ಮಪ್ಪನ ಕಾಲದಾಗ ಒಂದು ಕ್ವಾಣ ಹೋಗಿತ್ತು. ಅದಕ್ಕೂ ಬರತೈತೇನು?"

ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದರು. ನನಗೊಂದು ನೀಲಿದು, ನಮ್ಮ ಅತ್ತಿಗೊಂದು ಕೆಂಪಂದು, ಈ ಮೇಕೆಗೆ ಯಾವ ಬಣ್ಣದ್ದು? ಹನ್ನೊಂದು ತಿಂಗಳು ಯಾರೂ ಮುಟ್ಟದ ಕಾಗದಗಳಿಗೆ ನಲವತ್ತು ಕೈ ಚಾಚಿದವು. ಉಜ್ಜಿನಪ್ಪ ಮರಳಿನ ಮೇಲೆ ಚೀಲ ಬಿಚ್ಚಿ, ಮಸಿಯ ಡಬ್ಬಿ ತೆಗೆದು, "ಒಬ್ಬೊಬ್ರs ಬರ್ರಿ" ಎನ್ನುವಷ್ಟರಲ್ಲಿ ಒಂದು ಜೊತೆ ಬೂಟು ಬಂದು ಚೀಲದ ಮುಂದೆ ನಿಂತಿತು. ನಿಜಾಮ ಸರ್ಕಾರದ ಸುಂಕದ ಕಟ್ಟೆಯ ದರೋಗಾ.

"ಕ್ಯಾ ಗರ್ದಿ ಇದು? ಯಾರು ನೀವು?"

"ವಿಮಾ ಏಜೆಂಟ್ರಿ. ಬಳ್ಳಾರಿಯಿಂದ."

"ಪರವಾನಗಿ?"

ಉಜ್ಜಿನಪ್ಪ ಹೆಮ್ಮೆಯಿಂದ ತೋರಿಸಿದ. ದರೋಗಾ ಓದಿ ಹಿಂದಕ್ಕೆ ಕೊಟ್ಟ. "ಇದು ಹೊಳಿಯ ಆ ಕಡೆ ನಡೀತದ ಸಾಹೇಬ್ರ. ಇದು ಪರರಾಜ್ಯ. ಇಲ್ಲಿ ಒಂದು ಕಾಗದ ಮಾರಿದ್ರ ಜೈಲು. ಮತ್ತ ಈ ಜನ ಎಲ್ಲಾ ನಮ್ಮ ರಯತರು. ನಿಮ್ಮ ಕಾಗದದಾಗ ಏನೈತಿ? ಬ್ರಿಟಿಷ್ ಪ್ರಜೆಗೆ ಅಂತ ಐತಿ, ಹೌದಿಲ್ಲೋ?"

ಹೌದು, ಹಾಗೇ ಇತ್ತು. ಉಜ್ಜಿನಪ್ಪ ಚಾಚಿದ ಕೈಗಳನ್ನು ನೋಡುತ್ತ ಚೀಲದ ಬಾಯಿ ಮುಚ್ಚಿದ. ಜನ ಗೊಣಗುತ್ತ ಚದುರಿದ ಮೇಲೆ ದರೋಗಾ ಅವನ ಕಿವಿಯ ಹತ್ತಿರ ಬಗ್ಗಿದ.

"ಸರ್ಕಾರಿ ಮಾತು ಮುಗೀತು. ನಮ್ಮ ಬೇಗಂ ಬರೋ ತಿಂಗಳು ಆದೋನಿಗೆ ಹೋಗೋರಿದಾರ. ಅವರಿಗೆ ಒಂದು... ಯಾವ ಹಾದಿನೂ ಇಲ್ವಾ?"

"ಇಲ್ರಿ," ಎಂದ ಉಜ್ಜಿನಪ್ಪ. ಅಳು ಬಂತು.

ಅಂದು ಸಂಜೆಯಿಂದ ಹೊಳೆ ಇನ್ನೂ ಏರಿತು. ಹರಿಗೋಲು ಬಿಡುವುದು ನಿಂತಿತು. ಐದು ದಿನ ಉಜ್ಜಿನಪ್ಪ ಕೊಟ್ರಬಸಮ್ಮನ ಅಳಿಯನ ಮನೆಯಲ್ಲಿ ಉಳಿದ. ಮುದುಕಿ ಹತ್ತು ರೂಪಾಯಿ ಮುರಿಸಿ ಸಾಮಾನು ತಂದು ಮತ್ತೆ ಉಂಡಿ ಕಟ್ಟಿದಳು. ಮಗಳ ತಟ್ಟೆಗೆ ಮೊದಲನೆಯದು, ಅವನ ತಟ್ಟೆಗೆ ಎರಡನೆಯದು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಅವನನ್ನು ನೋಡಿ ಕೈಮುಗಿದು ಹೋಗುತ್ತಿದ್ದರು. ಅವನೂ ಜಗುಲಿಯ ಮೇಲೆ ಕುಳಿತು ಹೊಳೆಯನ್ನು ನೋಡುತ್ತಿದ್ದ.

ನೋಡುತ್ತ ನೋಡುತ್ತ ಅವನಿಗೊಂದು ವಿಚಾರ ಬಂತು. ಪರದೇಶ ಎಲ್ಲೋ ಕಡಲಿನ ಆಚೆ ಇದೆಯೆಂದು ತಾನು ಹನ್ನೊಂದು ತಿಂಗಳು ಸ್ಟೇಷನ್ನಿನಲ್ಲಿ ಅಲೆದೆ. ಅದು ಇಲ್ಲೇ ಇತ್ತು, ನಮ್ಮ ದಂಡೆಯ ಉದ್ದಕ್ಕೂ! ಕಂಪ್ಲಿಯಿಂದ ಸಿರುಗುಪ್ಪದ ತನಕ ಎಷ್ಟು ಕಡವು! ದಿನಾ ಎಷ್ಟು ಮಂದಿ ಸಂತೆಗೆ, ಮದುವೆಗೆ, ಬೀಗರ ಮನೆಗೆ ದಾಟುತ್ತಾರೆ! ಅವರೆಲ್ಲ ಬ್ರಿಟಿಷ್ ಪ್ರಜೆಗಳೇ. ಮೊದಲನೆಯ ಪಾಲಿಸಿ ಮಾಡಿ ಆಗಿದೆ, ೩೧ನೆಯ ತಾರೀಖಿಗೆ ಸಹಿಯೂ ಆಗಿದೆ. ಏಜನ್ಸಿ ಉಳಿಯಿತು. ಈ ದಂಡೆಯವರಿಗೇ ಇಷ್ಟು ಆಸೆ ಇದ್ದರೆ ಆ ದಂಡೆಯವರು ಬಿಟ್ಟಾರೆಯೇ? ಐದನೆಯ ದಿನದ ಹೊತ್ತಿಗೆ ಅವನು ಮನಸ್ಸಿನಲ್ಲೇ ಎರಡು ಸಾವಿರ ಪಾಲಿಸಿ ಮಾಡಿಸಿ ಇನ್ಸ್‌ಪೆಕ್ಟರನಾಗಿದ್ದ.

ಆರನೆಯ ದಿನ ನೀರು ಇಳಿದು ದುರುಗಪ್ಪ ಹರಿಗೋಲು ತಂದ. ಉಜ್ಜಿನಪ್ಪನನ್ನು ಕಂಡವನೇ ಒಂದು ಹೆಜ್ಜೆ ಹಿಂದೆ ಸರಿದ.

"ಬರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಚೀಲ ಬಿಚ್ಚಬ್ಯಾಡ್ರಿ. ನನ್ನ ಕಡೆ ನೋಡಲೂಬ್ಯಾಡ್ರಿ."

"ಯಾಕೋ ದುರುಗಪ್ಪ?"

ದುರುಗಪ್ಪ ಹುಟ್ಟು ಹಾಕುತ್ತ, ಬೆನ್ನು ಮಾಡಿಕೊಂಡೇ ಹೇಳಿದ. ಆ ದಿನ ಸಿರುಗುಪ್ಪದ ದಡದಲ್ಲಿ ನಿಂತವರಿಗೆ ಕಂಡದ್ದು ಇಷ್ಟು: ಕೋಟು ಹಾಕಿದ ಒಬ್ಬ ಹರಿಗೋಲು ಹತ್ತಿದ. ಒಂದು ಕಾಗದ ತೆಗೆದು ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡ. ನಡುಹೊಳೆಯಲ್ಲಿ ಎದ್ದು ನಿಂತು ಕೈ ಎತ್ತಿ ಏನೋ ಮಂತ್ರ ಹಾಕಿದ. ಕೂಡಲೇ ಮುದುಕಿಯ ಡಬ್ಬಿ ತಾನಾಗಿಯೇ ಹಾರಿ ಹೊಳೆಗೆ ಬಿತ್ತು. ಆಚೆಯ ದಡದಲ್ಲಿ ಕೊಟ್ಟ ಹತ್ತು ರೂಪಾಯಿ ಇಲ್ಲಿಂದ ಯಾರಿಗೂ ಕಂಡಿರಲಿಲ್ಲ.

"ಓಬಣ್ಣ ಅಂತ ಒಬ್ಬ ಮಿಲ್ಟ್ರಿಯಾವ ಇದ್ದ. ರಂಗೂನಿನ ಕಡೆನೂ ಹಿಂಗs ಅಂತ, ಇವರು ಹೆಬ್ಬೆಟ್ಟು ತೊಗೊಂಡ ಸಾಮಾನು ನೀರಿಗೆ ಸೇರತೈತಂತ. ಐದು ದಿನ ಆತು, ಊರಾಗ ಅದs ಮಾತು."

ಸಿರುಗುಪ್ಪದ ದಡದಲ್ಲಿ ಹರಿಗೋಲಿಗೆ ಕಾಯುತ್ತಿದ್ದ ಮೂವತ್ತು ಮಂದಿ, ಎಲ್ಲ ಅಸಲಿ ಬ್ರಿಟಿಷ್ ಪ್ರಜೆಗಳು, ಉಜ್ಜಿನಪ್ಪ ಕಾಲಿಟ್ಟ ಕೂಡಲೇ ಗಂಟುಮೂಟೆ ಅಪ್ಪಿಕೊಂಡು ಗದ್ದೆಯ ಬದುವಿಗೆ ಓಡಿದರು. ಅವನು "ನಿಂದರ್ರಿ, ಹೇಳತೀನಿ ಕೇಳ್ರಿ" ಎಂದು ಕೈ ಎತ್ತಿದ. ಕೈ ಎತ್ತಿದ್ದನ್ನು ಕಂಡು ಉಳಿದವರೂ ಓಡಿದರು.

ಊರೊಳಗೆ ಸುದ್ದಿ ಇನ್ನೂ ಬೆಳೆದಿತ್ತು. ಅಲ್ಲಿ ಹೋದದ್ದು ಬರೀ ಡಬ್ಬಿಯಲ್ಲ, ಮುದುಕಿಯೇ. ಬಸ್ ಸ್ಟ್ಯಾಂಡಿನಲ್ಲಿ ಇಡೀ ಹರಿಗೋಲು ಮೇಕೆಗಳ ಸಮೇತ ಹೋಗಿತ್ತು. ಕುರುಗೋಡಿನಲ್ಲಿ ಹನುಮಮ್ಮ ಅಳು ನಿಲ್ಲಿಸಿಲ್ಲವೆಂದು ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ. ಹೇಳುತ್ತಿದ್ದವನು ಚರ್ಮದ ಚೀಲ ನೋಡಿ ಮಾತು ನುಂಗಿದ.

"ಅಲ್ಲಪ್ಪಾ, ಕೊಟ್ರಬಸಮ್ಮ ಆರಾಮ ಅದಾಳ! ಉಂಡಿ ಕಟ್ಟಿ ಕೊಟ್ಲು, ನಾನs ತಿಂದು ಬಂದೀನಿ," ಎಂದ ಉಜ್ಜಿನಪ್ಪ.

"ಸತ್ತೋರ ಕೈಯಾಗಿನ ಉಂಡಿ," ಎಂದು ಯಾರೋ ಪಿಸುಗುಟ್ಟಿದರು.

ಟಿಕೀಟು ಕೊಡದೆ ಇರಲು ಕಾನೂನಿರಲಿಲ್ಲ. ಉಜ್ಜಿನಪ್ಪ ಬಸ್ಸು ಹತ್ತಿ, ಖಾಲಿಯಿದ್ದ ಕಿಟಕಿಯ ಸೀಟಿನಲ್ಲಿ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಹಿಂದೆ ಇದ್ದಿಲಿನ ಒಲೆ ಹೊಗೆ ಬಿಟ್ಟಿತು. ಬಸ್ಸು ಕೆಮ್ಮಿ ಹೊರಟಿತು. ಒಳಗಿದ್ದ ಇಪ್ಪತ್ತಾರು ಮಂದಿಯೂ, ಮಗುವಿಗೆ ಹಾಲೂಡಿಸುತ್ತಿದ್ದವಳು ಮೊದಲ್ಗೊಂಡು ಡ್ರೈವರನ ತನಕ, ತಮ್ಮ ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡರು.